ರತ್ನಾಜಿಗೂ ಒಂದು ಪಾಳಿ ಬೇಕು

ರಾಜರ, ವೀರರ ದಂತಕಥೆ ತೆರೆಗೆ ಬಂದಾಗಲೆಲ್ಲ ಮೊದಲು ಏಳುವ ತಕರಾರು ಚರಿತ್ರೆಯದು. 2006ರಲ್ಲಿ ಎಚ್.ಆರ್. ಭಾರ್ಗವ ನಿರ್ದೇಶಿಸಿ, ಶಿವರಾಜ್‌ಕುಮಾರ್ ನಟಿಸಿದ ‘ಗಂಡುಗಲಿ ಕುಮಾರರಾಮ’ನ ಕಥೆಯನ್ನೇ ಆ ಅಳತೆಗೆ ಹಚ್ಚಿ ನೋಡಿ. ಚರಿತ್ರೆ ಹೇಳುವುದು ಇಷ್ಟೇ: ದಿಲ್ಲಿಯ ಮುಹಮ್ಮದ್ ಬಿನ್ ತುಘಲಕನ ವಿರುದ್ಧ ಬಂಡೆದ್ದ ಬಹಾಉದ್ದೀನ್ ಗುರ್ಶಾಸ್ಪ ಓಡಿಬಂದು ಕಂಪಿಲಿಯ ಆಸರೆ ಪಡೆದ, ಕಂಪಿಲರಾಯ ಅವನನ್ನು ಹಿಡಿದುಕೊಡಲಿಲ್ಲ, 1327ರ ಸುಮಾರಿಗೆ ರಾಜ್ಯವೇ ಬಿದ್ದುಹೋಯಿತು. ಉಳಿದದ್ದೆಲ್ಲ ಜನ ಕಟ್ಟಿದ್ದು, ನಂಜುಂಡನಂಥ ಕವಿಗಳು ಸಾಂಗತ್ಯದಲ್ಲಿ ಹಾಡಿದ್ದು. ಆ ಕಥೆಯಲ್ಲಿ ಕಂಪಿಲರಾಯನ ಮಗ ಕುಮಾರರಾಮನ ಆಟದ ಚೆಂಡು ಮಲತಾಯಿ ರತ್ನಾಜಿಯ ಅರಮನೆಗೆ ಬೀಳುತ್ತದೆ. ತರಲು ಹೋದ ರಾಮನನ್ನು ಅವಳು ಬಯಸುತ್ತಾಳೆ. ಅವನು ಒಲ್ಲೆನೆಂದಾಗ ಗಂಡನ ಮುಂದೆ ಸುಳ್ಳು ದೂರು ಹೇಳುತ್ತಾಳೆ. ರಾಜ ಮಗನ ತಲೆ ಕಡಿಯಲು ಅಪ್ಪಣೆ ಕೊಟ್ಟರೆ, ಮಂತ್ರಿ ಬೈಚಪ್ಪ ಬೇರೆ ತಲೆ ತೋರಿಸಿ ಕುಮಾರನನ್ನು ಬಚ್ಚಿಡುತ್ತಾನೆ. ಇದನ್ನೆಲ್ಲ ತೆಗೆದುಹಾಕಿದರೆ ಸಿನಿಮಾಕ್ಕೆ ಉಳಿಯುವುದು ಒಂದು ಇಸವಿ ಮಾತ್ರ. ಹಾಗಾಗಿ ಇಂಥ ಚಿತ್ರಕ್ಕೆ ಚರಿತ್ರೆಯ ಅಳತೆ ಸಾಲದು.

ಬೇರೊಂದು ಅಳತೆ ವಿಜಯಪುರ ಜಿಲ್ಲೆಯ ಹಲಸಂಗಿಯಲ್ಲಿದೆ. ಮಧುರಚೆನ್ನ, ಸಿಂಪಿ ಲಿಂಗಣ್ಣ, ಪಿ. ಧೂಲಾ, ಕಾಪಸೆ ರೇವಪ್ಪ ಮುಂತಾದ ಹಲಸಂಗಿ ಗೆಳೆಯರು 1931ರಲ್ಲಿ ‘ಗರತಿಯ ಹಾಡು’ ತಂದರು. ಆಮೇಲೆ ಲಾವಣಿಗಳ ‘ಜೀವನ ಸಂಗೀತ’ವೂ ಬಂತು. ಹೆಂಗಸರು ಬೀಸುವಾಗ, ಕುಟ್ಟುವಾಗ ಹಾಡಿಕೊಂಡದ್ದಕ್ಕೂ, ಮೇಳದವರು ಡಪ್ಪು ಬಡಿದು ಹಾಡಿದ್ದಕ್ಕೂ ಅವರು ಸಮನಾದ ಮರ್ಯಾದೆ ಕೊಟ್ಟರು. ಆ ಸೀಮೆಯ ಲಾವಣಿಯಲ್ಲಿ ಹರದೇಶಿ, ನಾಗೇಶಿ ಎಂಬ ಎರಡು ಪಕ್ಷಗಳಿವೆ. ಹರದೇಶಿಯವರು ಗಂಡು ಹೆಚ್ಚೆಂದು ವಾದಿಸಿದರೆ ನಾಗೇಶಿಯವರು ಹೆಣ್ಣು ಹೆಚ್ಚೆನ್ನುತ್ತಾರೆ. ಒಬ್ಬರು ಹಾಡಿನಲ್ಲೇ ಸವಾಲು ಎಸೆಯಬೇಕು, ಇನ್ನೊಬ್ಬರು ಹಾಡಿನಲ್ಲೇ ಉತ್ತರ ಕೊಡಬೇಕು. ಬೆಳತನಕ ಇದೇ ಜಗ್ಗಾಟ. ಒಂದೇ ಪುರಾಣದ ಕಥೆಯನ್ನು ಎರಡೂ ಕಡೆಯವರು ತಮ್ಮ ಸಾಕ್ಷಿಗೆ ಎಳೆದುಕೊಳ್ಳುತ್ತಾರೆ. ದಂತಕಥೆ ಬಾಳಿಕೆ ಬರುವುದು ಹೀಗೆ, ಎದುರು ಪಕ್ಷಕ್ಕೂ ಪಾಳಿ ಸಿಕ್ಕಾಗ. ನಮ್ಮ ವೀರಗಾಥೆಯ ಸಿನಿಮಾಗಳು ಸಾಮಾನ್ಯವಾಗಿ ಹರದೇಶಿಯನ್ನಷ್ಟೇ ಹಾಡಿಸಿ ಮೇಳ ಮುಗಿಸುತ್ತವೆ.

ನಾಗೇಶಿಯ ಹಾಡುಗಾರ್ತಿಗೆ ಕುಮಾರರಾಮನ ಕಥೆ ಕೊಟ್ಟರೆ ಏನು ಕೇಳಿಯಾಳು? ಬೆಳೆದ ಮಗನಿದ್ದ ರಾಜ ಕಿರಿಯಳನ್ನು ಮದುವೆಯಾದದ್ದು ಯಾರ ತಪ್ಪು? ವಿಚಾರಣೆಯಿಲ್ಲದೆ ಮಗನ ತಲೆ ಬೇಡಿದ ಅಪ್ಪನಿಗೇಕೆ ಶಿಕ್ಷೆಯಿಲ್ಲ? ಇದರಿಂದ ನಾಯಕ ಕುಗ್ಗುತ್ತಾನೆ, ಖಳನಾಯಕಿಗೆ ಸಮರ್ಥನೆ ಸಿಗುತ್ತದೆ ಎಂದು ಆಕ್ಷೇಪಿಸಬಹುದು. ಹಾಗಾಗುವುದಿಲ್ಲ. ರತ್ನಾಜಿಯ ಸುಳ್ಳು ಸುಳ್ಳೇ. ಆದರೆ ಅವಳ ಬಯಕೆಗೆ ಕಾರಣವಿದ್ದಷ್ಟೂ ರಾಮನ ನಿರಾಕರಣೆಗೆ ಬೆಲೆ ಬರುತ್ತದೆ. ಅವಳು ಬರೀ ಕೇಡಿಯಾದರೆ ಒಲ್ಲೆನ್ನುವುದರಲ್ಲಿ ಅವನ ದೊಡ್ಡಸ್ತಿಕೆ ಏನು?

ಪ್ರೇಕ್ಷಕರಿಗೆ ಇಂಥ ತೊಡಕು ಬೇಡ, ಗೆಲ್ಲುವ ನಾಯಕ ಸಾಕು ಎಂಬುದು ಇನ್ನೊಂದು ಮಾತು. ಇಂಗ್ಲೆಂಡಿನ ಆರ್ಥರ್ ರಾಜನ ಕಥೆಗೆ ಕುಮಾರರಾಮನಿಗಿರುವಷ್ಟೂ ಚರಿತ್ರೆಯ ಆಧಾರವಿಲ್ಲ. ಆದರೂ ಥಾಮಸ್ ಮ್ಯಾಲರಿಯ ಕೃತಿ 1485ರಲ್ಲಿ ಅಚ್ಚಾದಾಗಿನಿಂದ ಅದು ಹೊಸದಾಗುತ್ತಲೇ ಇದೆ. ಜಾನ್ ಬೂರ್ಮನ್ ಅದನ್ನೇ ಆಧರಿಸಿ 1981ರಲ್ಲಿ ‘ಎಕ್ಸ್‌ಕ್ಯಾಲಿಬರ್’ ತೆಗೆದ. ಅಲ್ಲಿ ರಾಣಿ ಆಪ್ತ ವೀರನಿಗೇ ಒಲಿಯುತ್ತಾಳೆ, ರಾಜ ಮಗನ ಕೈಯಲ್ಲೇ ಮಡಿಯುತ್ತಾನೆ. ಸೋಲು ಇದ್ದದ್ದರಿಂದ ಯಾರೂ ಕಥೆಯನ್ನು ಬಿಟ್ಟುಕೊಡಲಿಲ್ಲ. ನಮ್ಮ ಕುಮಾರರಾಮನೂ ಸೋತು ಸತ್ತವನೇ, ಆದರೂ ಊರೂರಲ್ಲಿ ಪೂಜೆಗೊಂಡವನು. ಸೋತವನನ್ನು ದೇವರು ಮಾಡಿಕೊಂಡ ಜನ ರತ್ನಾಜಿಯ ಮಾತನ್ನೂ ಕೇಳಿಸಿಕೊಂಡಾರು. ಹೇಳಿಸುವ ಧೈರ್ಯ ಚಿತ್ರಕಥೆ ಬರೆಯುವವರಿಗೆ ಬೇಕು.