ಬೆನ್ನುಮೂಳೆಯ ಬಲ ಎಷ್ಟು? ಲೆಕ್ಕ ಹಾಕುವ ಗಣಕಯಂತ್ರ

ಉಟ್ಟ ಸೀರೆಯ ಅಂಚು ಈಚೆಗೆ ನೆಲಕ್ಕೆ ತಾಗುತ್ತಿದೆಯೇ? ಅಟ್ಟದ ಮೇಲಿನ ಉಪ್ಪಿನಕಾಯಿ ಭರಣಿ ಮೊದಲಿನಂತೆ ಕೈಗೆ ಎಟಕುತ್ತಿಲ್ಲವೇ? "ವಯಸ್ಸಾತಲ್ಲಾ, ಇನ್ನೇನಾಗ್ತದ!" ಎಂದು ನಕ್ಕು ಸುಮ್ಮನಾಗಬೇಡಿ, ಸೋದರಿಯರೇ. ಹರೆಯದಲ್ಲಿದ್ದ ಎತ್ತರಕ್ಕಿಂತ ಒಂದೂವರೆ ಇಂಚು, ಅಂದರೆ 4 ಸೆಂಟಿಮೀಟರಿನಷ್ಟು ನೀವು ಕುಗ್ಗಿದ್ದರೆ, ಬೆನ್ನಿನ ಯಾವುದೋ ಒಂದು ಮಣಿ ಸದ್ದಿಲ್ಲದೆ ಕುಸಿದಿರಬಹುದು.

ಮೂಳೆ ಮುರಿಯೋದು ಅಂದರೆ ಜಾರಿ ಬೀಳೋದು, ಕೂಗಾಡೋದು, ಪ್ಲಾಸ್ಟರ್ ಹಾಕಿಸೋದು ಎಂದೇ ನಮ್ಮ ತಿಳುವಳಿಕೆ. ಬೆನ್ನುಮಣಿಯ ಸಂಗತಿ ಹಾಗಲ್ಲ. ಹೀಗೆ ಕುಸಿದ ಮೂರು ಮಣಿಗಳಲ್ಲಿ ಸುಮಾರು ಎರಡು ವೈದ್ಯರ ಗಮನಕ್ಕೇ ಬರುವುದಿಲ್ಲ. "ನಡಾ ಹಿಡದದ" ಎಂದು ಮುಲಾಮು ತಿಕ್ಕಿಕೊಂಡು ದಿನ ದೂಡುತ್ತೇವೆ. ಆದರೆ ಒಂದು ಮಣಿ ಕುಸಿದ ಐವರು ಹೆಂಗಸರಲ್ಲಿ ಒಬ್ಬರಿಗೆ ಒಂದೇ ವರ್ಷದೊಳಗೆ ಇನ್ನೊಂದು ಮಣಿಯೂ ಕುಸಿಯುತ್ತದೆ. ಗೂನು ಬೆಳೆಯುವುದು ಹೀಗೆ, ಮಣಿಯ ಮೇಲೆ ಮಣಿ.

ಧಾರವಾಡದ ಮಾಳಮಡ್ಡಿಯ ಓಣಿಗಳಲ್ಲಿ ಉಳಿದಿರುವ ಹಳೆಯ ಹೆಂಚಿನ ಮನೆಗಳನ್ನು ಒಮ್ಮೆ ನೆನೆಯಿರಿ. ನಿಂತ ಕಂಬ, ಅವನ್ನು ಹಿಡಿದಿಟ್ಟ ಅಡ್ಡ ತೊಲೆ. ನಮ್ಮ ಬೆನ್ನುಮಣಿಯ ಒಳಗೂ ಇಂಥದೇ ಕಟ್ಟಡ. ಹೊರಗೆ ತೆಳುವಾದ ಗಟ್ಟಿ ಚಿಪ್ಪು, ಒಳಗೆ ಸಣ್ಣ ಸಣ್ಣ ಕಂಬ-ತೊಲೆಗಳ ಜಾಲ. ವಯಸ್ಸಾದಂತೆ ಅಡ್ಡ ತೊಲೆಗಳು ಮೊದಲು ಕರಗುತ್ತವೆ. ಆಸರೆ ತಪ್ಪಿದ ಕಂಬ ತಾನು ದಪ್ಪವಿದ್ದರೂ ಬಾಗುತ್ತದೆ. ಗೆದ್ದಲು ತಿಂದ ತೊಲೆ ಹೊರಗಿನಿಂದ ಚಂದವೇ ಕಾಣುತ್ತದಲ್ಲವೇ?

ಮುಟ್ಟು ನಿಂತ ಮೇಲೆ ಈ ಸವೆತ ಜೋರಾಗುತ್ತದೆ. ನಮ್ಮ ದೇಶದ ಹೆಂಗಸರಲ್ಲಿ ಮುಟ್ಟು ನಿಲ್ಲುವುದು ಸರಾಸರಿ 46ರ ಸುಮಾರಿಗೆ. ಅಲ್ಲಿಂದ ಮುಂದಿನ ಐದಾರು ವರ್ಷಗಳಲ್ಲಿ ಮೂಳೆಯ ಸಾಂದ್ರತೆ ಶೇಕಡಾ 20ರವರೆಗೂ ಇಳಿಯಬಹುದು.

ಇದನ್ನು ಅಳೆಯಲು ಡೆಕ್ಸಾ ಎಂಬ ಪರೀಕ್ಷೆ ಇದೆ. ವಿಶ್ವ ಆರೋಗ್ಯ ಸಂಸ್ಥೆ 1994ರಲ್ಲಿ ಗೆರೆ ಎಳೆಯಿತು: ಟಿ-ಸ್ಕೋರ್ ಮೈನಸ್ 2.5 ಅಥವಾ ಅದಕ್ಕೂ ಕೆಳಗಿದ್ದರೆ ಅಸ್ಥಿರಂಧ್ರತೆ. ಪರೀಕ್ಷೆ ಒಳ್ಳೆಯದೇ. ಆದರೆ ಅದು ಮೂಳೆಯ ನೆರಳನ್ನು ಮಾತ್ರ ನೋಡುತ್ತದೆ. ಮುದಿ ಬೆನ್ನಿನ ಕೀಲುಗಳಲ್ಲಿ ಬೆಳೆದ ಎಲುಬಿನ ಮೊಳಕೆ, ರಕ್ತನಾಳಕ್ಕೆ ಅಂಟಿದ ಸುಣ್ಣ, ಎಲ್ಲವೂ ಆ ನೆರಳಿಗೆ ಸೇರಿ ಅಂಕಿ ಸುಳ್ಳೇ ಮೇಲೇರುತ್ತದೆ. ಮೂಳೆ ಮುರಿದ ಎಷ್ಟೋ ಹೆಂಗಸರ ಅಂಕಿ ಗೆರೆಗಿಂತ ಮೇಲೆಯೇ ಇರುತ್ತದೆ.

ಈಗ ಬಂದಿರುವ ಉಪಾಯ ಬೇರೆ. ಅಣೆಕಟ್ಟು, ವಿಮಾನದ ರೆಕ್ಕೆ ಎಷ್ಟು ಭಾರ ತಾಳೀತೆಂದು ಇಂಜಿನಿಯರರು ಮೊದಲೇ ಲೆಕ್ಕ ಹಾಕುತ್ತಾರೆ. ಇಡೀ ರಚನೆಯನ್ನು ಸಾವಿರಾರು ಪುಟ್ಟ ತುಂಡುಗಳಾಗಿ ಮಾಡಿ, ಒಂದೊಂದು ತುಂಡಿನ ಮೇಲೆ ಬೀಳುವ ಒತ್ತಡವನ್ನು ಲೆಕ್ಕ ಮಾಡುವ ವಿಧಾನವದು. ಅಮೆರಿಕದ ರೇ ಕ್ಲಫ್ 1960ರಲ್ಲಿ ಇದಕ್ಕೆ 'ಫೈನೈಟ್ ಎಲಿಮೆಂಟ್' ಎಂದು ಹೆಸರಿಟ್ಟರು. 1972ರ ಹೊತ್ತಿಗೆ ಅದು ಮೂಳೆಗೂ ಬಂತು. ಅದರ ಹಿಂದಿನ ವರ್ಷವೇ, 1971ರಲ್ಲಿ, ಲಂಡನ್ನಿನಲ್ಲಿ ಗಾಡ್‌ಫ್ರೆ ಹೌನ್ಸ್‌ಫೀಲ್ಡರ ಸಿ.ಟಿ. ಸ್ಕ್ಯಾನ್ ಮೊದಲ ರೋಗಿಯ ತಲೆಯೊಳಗನ್ನು ತೋರಿಸಿತ್ತು. ಈ ಎರಡೂ ಕೈಜೋಡಿಸಿದವು.

ಸಿ.ಟಿ. ಚಿತ್ರದಲ್ಲಿ ದಟ್ಟ ಮೂಳೆ ಬೆಳ್ಳಗೆ, ಟೊಳ್ಳು ಮೂಳೆ ಬೂದು. ಗಣಕಯಂತ್ರ ಆ ಬಣ್ಣದಿಂದ ಸಾಂದ್ರತೆಯನ್ನೂ, ಸಾಂದ್ರತೆಯಿಂದ ಗಡಸುತನವನ್ನೂ ಲೆಕ್ಕ ಹಾಕಿ, ಸಕ್ಕರೆ ಹರಳಿನಷ್ಟು ಚಿಕ್ಕ ಘನಗಳನ್ನು ಒಂದಕ್ಕೊಂದು ಜೋಡಿಸಿ ನಿಮ್ಮದೇ ಬೆನ್ನುಮಣಿಯನ್ನು ಪರದೆಯ ಮೇಲೆ ಕಟ್ಟುತ್ತದೆ. ಆಮೇಲೆ ಅದನ್ನು ಮೇಲಿನಿಂದ ಒತ್ತುತ್ತಾ ಹೋಗುತ್ತದೆ. ಎಲ್ಲಿ ಕುಸಿಯಿತೋ ಅದೇ ಆ ಮಣಿಯ ಬಲ. ಮುರಿಯುವುದು ಪರದೆಯ ಮೇಲಿನ ಮಣಿ, ನಿಮಗೆ ನೋವಿಲ್ಲ!

ಹೆಂಗಸರಲ್ಲಿ ಈ ಬಲ 4500 ನ್ಯೂಟನ್ ಅಥವಾ ಅದಕ್ಕೂ ಕಡಿಮೆ ಇದ್ದರೆ ಮೂಳೆ ದುರ್ಬಲವೆಂದೇ ಎಣಿಕೆ, ಗಂಡಸರಲ್ಲಿ 6500. ಕಿಲೋ ಲೆಕ್ಕದಲ್ಲಿ 4500 ಎಂದರೆ ಸುಮಾರು 460 ಕಿಲೋ ಭಾರ. "ಅಯ್ಯ, ನಾ ಇರೋದs 60 ಕಿಲೋ!" ಎನ್ನುವಿರಾ? ನಡ ಬಗ್ಗಿಸಿ ನೀರಿನ ಕೊಡ ಎತ್ತುವಾಗ ಬೆನ್ನಿನ ಸ್ನಾಯುಗಳು ಮಣಿಯನ್ನು ಬಲವಾಗಿ ಅಮುಕುತ್ತವೆ. ಮಣಿಯ ಮೇಲಿನ ಭಾರ ಆಗ ಮೈತೂಕದ ಹಲವು ಪಟ್ಟು.

ಹಾಗೆಂದು ಈ ಲೆಕ್ಕಕ್ಕಾಗಿಯೇ ಸಿ.ಟಿ. ಮಾಡಿಸಲು ಓಡಬೇಡಿ. ಅದರಲ್ಲಿ ಕ್ಷಕಿರಣದ ಪ್ರಮಾಣ ಹೆಚ್ಚು, ಈ ಲೆಕ್ಕ ಎಲ್ಲ ಆಸ್ಪತ್ರೆಗಳಲ್ಲಿ ಸಿಗುವುದೂ ಇಲ್ಲ. ಆದರೆ ಮೂತ್ರದ ಹರಳಿಗೋ ಹೊಟ್ಟೆನೋವಿಗೋ ಹಿಂದೆ ಎಂದಾದರೂ ಹೊಟ್ಟೆಯ ಸ್ಕ್ಯಾನ್ ಮಾಡಿಸಿದ್ದೀರಾ? ಅದರಲ್ಲಿ ನಿಮ್ಮ ಬೆನ್ನುಮೂಳೆಯೂ ಇದೆ. ಟ್ರಂಕಿನ ತಳದಲ್ಲಿ ಬಿದ್ದಿರುವ ಆ ಸಿ.ಡಿ.ಯನ್ನು ಹುಡುಕಿ ತೆಗೆಯಿರಿ. "ಡಾಕ್ಟರೇ, ಇದರೊಳಗ ನನ್ನ ಬೆನ್ನಿನ ಮಣಿ ಹೆಂಗವ, ಒಂದೀಟು ನೋಡ್ರಿ" ಎಂದು ಕೇಳಲು ಸಂಕೋಚ ಬೇಡ. ಬಲದ ಲೆಕ್ಕ ಆಗದಿದ್ದರೂ, ಕುಸಿದ ಮಣಿ ಅವರ ಕಣ್ಣಿಗೆ ಬಿದ್ದೀತು. ಕಂಡುಬಂದರೆ ವಾರಕ್ಕೊಂದು ಗುಳಿಗೆ, ವರ್ಷಕ್ಕೊಂದು ಇಂಜೆಕ್ಷನ್ ಹೀಗೆ ಔಷಧಗಳಿವೆ. ಯಾವುದು ತಕ್ಕದ್ದೆಂದು ವೈದ್ಯರು ಹೇಳುತ್ತಾರೆ.

ಇನ್ನು ಅಡಿಗೆಮನೆಯ ಮಾತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ಹೇಳಿದಂತೆ ದಿನಕ್ಕೆ 1000 ಮಿಲಿಗ್ರಾಂ, ಮುಟ್ಟು ನಿಂತವರಿಗೆ 1200 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು. ನಮ್ಮ ಪ್ರೀತಿಯ ಜೋಳದಲ್ಲಿ 100 ಗ್ರಾಂಗೆ 30 ಮಿಲಿಗ್ರಾಂ ಕೂಡ ಇಲ್ಲ. ರಾಗಿಯಲ್ಲಿ ಸುಮಾರು 350 ಇದೆ. ರೊಟ್ಟಿ ಬಿಡಬೇಕಿಲ್ಲ, ಜೊತೆಗೆ ಗಟ್ಟಿ ಮೊಸರಿರಲಿ. ಸಂಕ್ರಾಂತಿಯ ಹೊತ್ತಿಗೆ ಮಾತ್ರ ಹಚ್ಚುವ ಎಳ್ಳನ್ನು ವರ್ಷವಿಡೀ ರೊಟ್ಟಿಗೆ ಹಚ್ಚಿ: ಎರಡು ಚಮಚದಲ್ಲಿ 100 ಮಿಲಿಗ್ರಾಂಗೆ ಕೊರತೆಯಿಲ್ಲ. ನುಗ್ಗೆಸೊಪ್ಪು ಮರೆಯಬೇಡಿ. ಮೈಗೆ ಬಿಸಿಲು ತಾಗಲಿ. ರಾಯರ ಮಠಕ್ಕೆ ಆಟೋ ಬೇಡ, ನಡೆದೇ ಹೋಗಿಬನ್ನಿ. ಕೊಡ ಎತ್ತುವಾಗ ಮೊಣಕಾಲು ಮಡಿಸಿ, ನಡ ಬಗ್ಗಿಸಬೇಡಿ.

ಇವತ್ತೇ ಬಾಗಿಲ ಚೌಕಟ್ಟಿಗೆ ಬೆನ್ನು ಹಚ್ಚಿ ನಿಂತು ಮಗಳಿಂದಲೋ ಸೊಸೆಯಿಂದಲೋ ಒಂದು ಗೆರೆ ಎಳೆಸಿ, ತಾರೀಖು ಬರೆಯಿರಿ. ಮಕ್ಕಳು ಬೆಳೆದದ್ದನ್ನು ಅಲ್ಲೇ ಅಳೆದವರು ನಾವು. ನಾವು ಕುಗ್ಗುವುದನ್ನೂ ವರ್ಷಕ್ಕೊಮ್ಮೆ ಅಳೆಯೋಣ.