ಸ್ಟೆಪ್ನಿಯ ಆಯ್ಕೆ ಮತ್ತು ಜೋಡಣೆ

ಮೋಟಾರು ಕಾರು ಹೊಸದಾಗಿ ಬಳಕೆಗೆ ಬಂದ ಕಾಲದಲ್ಲಿ ಟೈರು ತೂತಾಯಿತೆಂದರೆ ಪ್ರಯಾಣಿಕನು ದಾರಿಯ ಬದಿಯಲ್ಲಿಯೇ ಕುಳಿತು, ಟೈರನ್ನು ರಿಮ್ಮಿನಿಂದ ಬಿಡಿಸಿ, ಟ್ಯೂಬಿಗೆ ತೇಪೆ ಹಾಕಿ, ಕೈಪಂಪಿನಿಂದ ಗಾಳಿ ತುಂಬಿ ಮುಂದಕ್ಕೆ ಹೊರಡಬೇಕಾಗಿತ್ತು. ವೇಲ್ಸ್ ದೇಶದ ಲನೆಲಿ ಪಟ್ಟಣದ ಸ್ಟೆಪ್ನಿ ಬೀದಿಯಲ್ಲಿ ವ್ಯಾಪಾರ ನಡೆಸುತ್ತಿದ್ದ ವಾಲ್ಟರ್ ಡೇವಿಸ್ ಮತ್ತು ಟಾಮ್ ಡೇವಿಸ್ ಎಂಬ ಸಹೋದರರು 1904ರಲ್ಲಿ ಈ ಕಷ್ಟಕ್ಕೊಂದು ಪರಿಹಾರವನ್ನು ಕಲ್ಪಿಸಿದರು: ಕಡ್ಡಿಗಳಾಗಲಿ ಗುಂಬವಾಗಲಿ ಇಲ್ಲದ ಲೋಹದ ಬಳೆಯೊಂದಕ್ಕೆ ಗಾಳಿ ತುಂಬಿದ ಟೈರನ್ನು ತೊಡಿಸಿ, ಅದನ್ನು ಕೆಟ್ಟ ಚಕ್ರದ ಮಗ್ಗುಲಿಗೆ ಕೊಂಡಿಗಳಿಂದ ಬಿಗಿಯತಕ್ಕ ಉಪಾಯವದು. ಕೆಟ್ಟ ಚಕ್ರವು ತನ್ನ ಸ್ಥಾನದಲ್ಲಿಯೇ ಉಳಿಯುತ್ತಿದ್ದುದರಿಂದ ಚಕ್ರವನ್ನು ಹಿಡಿದಿರುವ ಹಬ್ಬಿಗೂ ಈ ಬಳೆಗೂ ನೇರವಾದ ಸಂಬಂಧವಿರಲಿಲ್ಲ. ಇಂದಿನ ಸ್ಟೆಪ್ನಿಯ, ಎಂದರೆ ಜೊತೆಯಲ್ಲೊಯ್ಯುವ ಬಿಡಿ ಚಕ್ರದ, ಸ್ಥಿತಿ ಬೇರೆ. ಅದು ಕೆಟ್ಟ ಚಕ್ರದ ಸ್ಥಾನದಲ್ಲಿ ಸ್ವತಃ ನಿಂತು ಅದರ ಕೆಲಸವನ್ನೆಲ್ಲ ಮಾಡಬೇಕಾದುದರಿಂದ, ಕಣ್ಣಿಗೆ ಕಾಣದ ಹಲವು ಅಳತೆಗಳು ಒಂದಕ್ಕೊಂದು ಹೊಂದಿಕೊಂಡಲ್ಲದೆ ಅದು ನಂಬಿಕೆಗೆ ಅರ್ಹವಾಗುವುದಿಲ್ಲ.

ಟ್ಯೂಬ್‌ಲೆಸ್ ಟೈರು, ಗಾಳಿಯ ಒತ್ತಡವನ್ನು ಚಾಲಕನಿಗೆ ತಿಳಿಸುವ ಉಪಕರಣ, ಪಂಕ್ಚರ್ ದುರಸ್ತಿಯ ಸಾಮಗ್ರಿ ಈ ಮೂರೂ ಇರುವ ಕಾರಿನಲ್ಲಿ ಸ್ಟೆಪ್ನಿಯು ಕಡ್ಡಾಯವಲ್ಲವೆಂದು ಭಾರತ ಸರ್ಕಾರವು 2020ರಲ್ಲಿ ಮೋಟಾರು ವಾಹನ ನಿಯಮಗಳನ್ನು ತಿದ್ದಿತು. ಡಿಕ್ಕಿಯ ಜಾಗವನ್ನು ಉಳಿಸುವುದಕ್ಕೆ ಇದರಿಂದ ಅನುಕೂಲವಾಯಿತೆಂಬುದು ನಿಜ. ಆದರೆ ದುರಸ್ತಿಯ ದ್ರವವು ಮೊಳೆಯಿಂದಾದ ಸಣ್ಣ ರಂಧ್ರವನ್ನು ಮುಚ್ಚೀತೇ ಹೊರತು, ಗುಂಡಿಯ ಅಂಚಿಗೆ ಬಡಿದು ಸೀಳಿದ ಟೈರಿನ ಪಾರ್ಶ್ವವನ್ನು ಮುಚ್ಚಲಾರದು. ಊರುಗಳು ವಿರಳವಾದ ಹೆದ್ದಾರಿಯಲ್ಲಿ ರಾತ್ರಿ ಪ್ರಯಾಣ ಮಾಡುವವರು ನಿಜವಾದ ಚಕ್ರವೊಂದನ್ನು ಜೊತೆಯಲ್ಲಿಟ್ಟುಕೊಳ್ಳುವುದೇ ಯುಕ್ತವೆಂದು ನನ್ನ ದೃಢವಾದ ಅಭಿಪ್ರಾಯ. ಅಂಥವರು ಬೆಂಗಳೂರಿನ ಜೆ.ಸಿ. ರಸ್ತೆಯಂತಹ ಬಿಡಿಭಾಗಗಳ ಪೇಟೆಗೆ ಹೋದಾಗ, ಅಲ್ಲಿ ಒಂದರ ಮೇಲೊಂದು ಪೇರಿಸಿಟ್ಟ ಚಕ್ರಗಳೆಲ್ಲವೂ ಒಂದೇ ಬಗೆಯವಾಗಿ ತೋರುವುದರಿಂದ, ಕೊಳ್ಳುವ ಮುನ್ನ ಏನನ್ನು ನೋಡತಕ್ಕದ್ದೆಂಬುದನ್ನು ತಿಳಿದಿರುವುದು ಅವಶ್ಯ.

ಮೊದಲು ನೋಡಬೇಕಾದುದು ಚಕ್ರದ ಒಟ್ಟು ವ್ಯಾಸ. ಟೈರಿನ ಮೇಲೆ 165/80 ಆರ್ 14 ಎಂದು ಅಚ್ಚಾಗಿದ್ದರೆ ಅದರ ಅಗಲ 165 ಮಿಲಿಮೀಟರ್, ಪಾರ್ಶ್ವದ ಎತ್ತರ ಆ ಅಗಲದ ಶೇಕಡ 80, ರಿಮ್ಮಿನ ವ್ಯಾಸ 14 ಅಂಗುಲ ಎಂದು ಅರ್ಥ. ಪಾರ್ಶ್ವದ ಎತ್ತರವನ್ನು ಇಮ್ಮಡಿಸಿ ರಿಮ್ಮಿನ ವ್ಯಾಸಕ್ಕೆ ಕೂಡಿಸಿದರೆ 619.6 ಮಿಲಿಮೀಟರ್ ಬರುತ್ತದೆ. ಮಾರುತಿ ಸ್ವಿಫ್ಟ್ ಕಾರಿನ ಕೆಲವು ಮಾದರಿಗಳಿಗೆ ಈ ಟೈರೂ, ಹೆಚ್ಚು ಬೆಲೆಯ ಮಾದರಿಗಳಿಗೆ 185/65 ಆರ್ 15 ಅಳತೆಯ ಟೈರೂ ಬಂದಿವೆ. ರಿಮ್ಮು ಒಂದು ಅಂಗುಲ ದೊಡ್ಡದಾದರೂ ಪಾರ್ಶ್ವವು ಗಿಡ್ಡವಾದುದರಿಂದ ಎರಡನೆಯದರ ವ್ಯಾಸ 621.5 ಮಿಲಿಮೀಟರ್, ಅಂತರವು ಎರಡು ಮಿಲಿಮೀಟರಿಗೂ ಕಡಮೆ. ಇವೆರಡರಲ್ಲಿ ಒಂದು ಇನ್ನೊಂದರ ಸ್ಥಾನದಲ್ಲಿ ಉರುಳಬಲ್ಲದು. ಅದೇ ಕಾರಿಗೆ, ಸುಲಭವಾಗಿ ಸಿಕ್ಕಿತೆಂದು, 145/80 ಆರ್ 13 ಅಳತೆಯದನ್ನು ಜೋಡಿಸಿದರೆ ವ್ಯಾಸವು 562 ಮಿಲಿಮೀಟರಿಗೆ ಇಳಿದು, ಆ ಚಕ್ರವು ಪ್ರತಿ ಸುತ್ತಿನಲ್ಲಿಯೂ ತನ್ನ ಜೊತೆಯ ಚಕ್ರಕ್ಕಿಂತ ಸುಮಾರು 18 ಸೆಂಟಿಮೀಟರ್ ಕಡಮೆ ದೂರವನ್ನು ಕ್ರಮಿಸುತ್ತದೆ.

ಹಾಗೆ ಕ್ರಮಿಸಿದರೆ ಹಾನಿಯೇನು ಎಂಬುದನ್ನು ತಿಳಿಯಬೇಕಾದರೆ ಡಿಫರೆನ್ಷಿಯಲ್ ಎಂಬ ಹಲ್ಲುಚಕ್ರಗಳ ವ್ಯವಸ್ಥೆಯನ್ನು ಮನಸ್ಸಿಗೆ ತಂದುಕೊಳ್ಳಬೇಕು. ಕಾರು ತಿರುವಿನಲ್ಲಿ ಹೊರಳುವಾಗ ಹೊರಗಿನ ಚಕ್ರವು ಒಳಗಿನದಕ್ಕಿಂತ ಹೆಚ್ಚು ದೂರ ಹೋಗಬೇಕಾದುದರಿಂದ, ಎರಡಕ್ಕೂ ಎಂಜಿನ್ನಿನ ಬಲವನ್ನು ಹಂಚುತ್ತ ವೇಗದಲ್ಲಿ ಮಾತ್ರ ಭೇದಕ್ಕೆ ಅವಕಾಶ ಕೊಡುವುದು ಇದರ ಕಾರ್ಯ. ನೇರವಾದ ರಸ್ತೆಯಲ್ಲಿ ಇದರೊಳಗಣ ಪುಟ್ಟ ಹಲ್ಲುಚಕ್ರಗಳು ತಮ್ಮ ಅಕ್ಷದ ಸುತ್ತ ತಿರುಗದೆ ವಿಶ್ರಾಂತವಾಗಿರುತ್ತವೆ. ತಿರುವು ಬಂದಾಗ ಮಾತ್ರ ಸ್ವಲ್ಪ ತಿರುಗುತ್ತವೆ. ಎಳೆಯುವ ಚಕ್ರಗಳೆರಡರ ವ್ಯಾಸವು ಅಸಮವಾದಾಗ ಈ ವಿಶ್ರಾಂತಿ ತಪ್ಪಿ, ನೂರು ಕಿಲೋಮೀಟರ್ ನೇರ ಪ್ರಯಾಣವೂ ಅವುಗಳ ಪಾಲಿಗೆ ಒಂದೇ ಸಮನಾದ ತಿರುವಾಗಿ, ಘರ್ಷಣೆಯಿಂದ ಕಾವೂ ಸವೆತವೂ ಹೆಚ್ಚುತ್ತವೆ. ನಮ್ಮ ಸಣ್ಣ ಕಾರುಗಳಲ್ಲಿ ಬಹುಪಾಲು ಮುಂದಿನ ಚಕ್ರಗಳಿಂದ ಎಳೆಯಲ್ಪಡುವಂಥವು. ಆದಕಾರಣ ಅಳತೆಯಲ್ಲಿ ತುಸು ಭಿನ್ನವಾದ ಸ್ಟೆಪ್ನಿಯನ್ನು ಹಾಕಲೇಬೇಕಾಗಿ ಬಂದರೆ ಹಿಂದಕ್ಕೆ ಹಾಕತಕ್ಕದ್ದು. ಮುಂದಿನ ಟೈರೇ ತೂತಾಗಿದ್ದರೆ ಹಿಂದಿನ ಒಳ್ಳೆಯ ಚಕ್ರವನ್ನು ಮುಂದಕ್ಕೆ ತಂದು ಸ್ಟೆಪ್ನಿಯನ್ನು ಅದರ ಸ್ಥಾನದಲ್ಲಿ ಕೂರಿಸುವುದು, ಶ್ರಮವು ಎರಡರಷ್ಟಾದರೂ, ಸರಿಯಾದ ಕ್ರಮ.

ಹಬ್ಬಿಗೆ ಸಂಬಂಧಪಟ್ಟ ಅಳತೆಗಳು ಇನ್ನೂ ಸೂಕ್ಷ್ಮವಾದವು. ಬೋಲ್ಟುಗಳ ರಂಧ್ರಗಳು ಒಂದು ವೃತ್ತದ ಮೇಲಿರುತ್ತವೆ. ನಾಲ್ಕು ಬೋಲ್ಟಿನ ಸಣ್ಣ ಕಾರುಗಳಲ್ಲಿ ಈ ವೃತ್ತದ ವ್ಯಾಸವು ಅನೇಕ ಕಡೆ 100 ಮಿಲಿಮೀಟರ್, ಫಿಯಟ್ ಕಂಪನಿಯ ಹಲವು ಕಾರುಗಳಲ್ಲಿ 98. ಎರಡೇ ಮಿಲಿಮೀಟರಿನ ಈ ಭೇದವು ಕಣ್ಣಿಗೆ ಕಾಣದಷ್ಟು ಅಲ್ಪವಾದುದರಿಂದ, ಒಂದರ ಚಕ್ರವು ಇನ್ನೊಂದರ ಮೇಲೆ ಬಲವಂತಕ್ಕೆ ಕುಳಿತಂತೆ ತೋರಬಹುದು. ಆದರೆ ಬೋಲ್ಟುಗಳು ವಾರೆಯಾಗಿ ಬಾಗಿದ ಸ್ಥಿತಿಯಲ್ಲಿ ಬಿಗಿದುಕೊಂಡು, ಪ್ರತಿ ಸುತ್ತಿಗೂ ಬಳಲಿ, ಕಟ್ಟಕಡೆಗೆ ಮುರಿಯಬಲ್ಲವು. ಮಧ್ಯದ ರಂಧ್ರವು ಹಬ್ಬಿನ ಗಾತ್ರಕ್ಕಿಂತ ಕಿರಿದಾದರೆ ಚಕ್ರವು ಕೂರುವುದೇ ಇಲ್ಲ. ಬ್ರೇಕಿನ ಅಂಗಗಳಿಗೆ ರಿಮ್ಮಿನೊಳಗೆ ಸ್ಥಳ ಸಾಲದಿದ್ದರೆ ತಿರುಗುವುದೇ ಇಲ್ಲ. ಟೈರಿನ ಅಳತೆಯ ಪಕ್ಕದಲ್ಲಿರುವ ಭಾರದ ಸಂಖ್ಯೆಯೂ ಮುಖ್ಯ: 85 ಎಂದಿದ್ದರೆ ಅದು 515 ಕಿಲೋಗ್ರಾಂ ಹೊರಬಲ್ಲದು, 88 ಎಂದಿದ್ದರೆ 560.

ತೆಳುವಾದ ತಾತ್ಕಾಲಿಕ ಸ್ಟೆಪ್ನಿಗಳಿಗೆ ಸಾಮಾನ್ಯವಾಗಿ ಚದರ ಅಂಗುಲಕ್ಕೆ 60 ಪೌಂಡುಗಳ ಒತ್ತಡವೂ ಗಂಟೆಗೆ 80 ಕಿಲೋಮೀಟರಿನ ವೇಗಮಿತಿಯೂ ಉಂಟು. ಯಾವ ಬಗೆಯದಾದರೂ, ಓಡದೆ ಬಿದ್ದಿರುವುದರಿಂದ ರಬ್ಬರಿಗೆ ಮುಪ್ಪು ತಪ್ಪುವುದಿಲ್ಲ. ಟೈರಿನ ಪಾರ್ಶ್ವದಲ್ಲಿ ಅಂಡಾಕಾರದ ಚೌಕಟ್ಟಿನೊಳಗಿರುವ ನಾಲ್ಕು ಅಂಕೆಗಳು ಅದು ತಯಾರಾದ ವಾರವನ್ನೂ ವರ್ಷವನ್ನೂ ಹೇಳುತ್ತವೆ; 2319 ಎಂದರೆ 2019ರ 23ನೆಯ ವಾರ. ಗಾಳಿಯ ಆಮ್ಲಜನಕವೂ ಓಜೋನೂ ರಬ್ಬರನ್ನು ಕ್ರಮೇಣ ಗಡುಸುಗೊಳಿಸಿ ಬಿರುಕು ಬಿಡಿಸುತ್ತವೆ. ಹತ್ತು ವರ್ಷ ಕಳೆದ ಟೈರನ್ನು, ಅದರ ಮೇಲ್ಮೈ ಸ್ವಲ್ಪವೂ ಸವೆಯದಿದ್ದರೂ, ಬಿಟ್ಟುಬಿಡಬೇಕೆಂದು ಮಿಷೆಲಿನ್ ಕಂಪನಿಯು ಸ್ಟೆಪ್ನಿಯನ್ನೂ ಸೇರಿಸಿಯೇ ಹೇಳುತ್ತದೆ. ಗಾಳಿಯು ರಬ್ಬರಿನ ಮೂಲಕವೇ ತಿಂಗಳಿಗೆ ಒಂದೆರಡು ಪೌಂಡಿನಷ್ಟು ಸೋರಿಹೋಗುವುದರಿಂದ, ನಾಲ್ಕು ಚಕ್ರಗಳಿಗೆ ಗಾಳಿ ಹಿಡಿಸುವಾಗ ಐದನೆಯದನ್ನು ಮರೆಯಬಾರದು.

ಇನ್ನು ಜೋಡಣೆ. ಕಾರನ್ನು ಗಟ್ಟಿಯಾದ ಸಮನೆಲದಲ್ಲಿ ನಿಲ್ಲಿಸಿ ಹ್ಯಾಂಡ್ ಬ್ರೇಕ್ ಹಾಕುವುದರೊಡನೆ ಮೊದಲ ಗೇರನ್ನೂ ಹಾಕಿ, ಚಕ್ರಗಳಿಗೆ ಕಲ್ಲನ್ನು ಒಡ್ಡತಕ್ಕದ್ದು. ಮೂರೂ ಬೇಕಾದುದಕ್ಕೆ ಕಾರಣವಿದೆ: ಮುಂದಿನ ಚಕ್ರವನ್ನೆತ್ತಿದಾಗ ಡಿಫರೆನ್ಷಿಯಲ್ ಅದನ್ನು ಗಾಳಿಯಲ್ಲಿ ತಿರುಗಗೊಡುವುದರಿಂದ ಗೇರಿನ ಹಿಡಿತ ನಿಷ್ಫಲವಾಗುತ್ತದೆ, ಹಿಂದಿನದನ್ನೆತ್ತಿದಾಗ ಹ್ಯಾಂಡ್ ಬ್ರೇಕಿಗೆ ನೆಲದ ಮೇಲೆ ಒಂದೇ ಚಕ್ರ ಉಳಿಯುತ್ತದೆ. ಜಾಕಿಯಿಂದ ಎತ್ತುವ ಮೊದಲೇ, ನೆಲದ ಘರ್ಷಣೆಯು ಚಕ್ರವನ್ನು ತಡೆದಿರುವಾಗ, ನಟ್ಟುಗಳನ್ನು ಸ್ವಲ್ಪ ಸಡಿಲಿಸಬೇಕು.

ನಟ್ಟುಗಳನ್ನು ಬಿಗಿಯುವಲ್ಲಿ ಅಡಗಿರುವ ಭೌತವಿಜ್ಞಾನವು ವಿಸ್ಮಯಕರವಾದುದು. ಕಾರಿನ ಭಾರವನ್ನು ಬೋಲ್ಟುಗಳ ಕಾಂಡವೇ ಹೊತ್ತಿದೆಯೆಂದು ನಾವು ಭಾವಿಸುತ್ತೇವೆ; ವಾಸ್ತವವಾಗಿ ನಟ್ಟನ್ನು ಬಿಗಿದಾಗ ಬೋಲ್ಟು ಕೊಂಚ ಹಿಗ್ಗಿ, ಮತ್ತೆ ಕುಗ್ಗಲು ಯತ್ನಿಸುತ್ತ ಚಕ್ರವನ್ನು ಹಬ್ಬಿಗೆ ಅದುಮುತ್ತದೆ, ಆ ಎರಡು ಮುಖಗಳ ನಡುವಣ ಘರ್ಷಣೆಯೇ ಭಾರವನ್ನು ಹೊರುತ್ತದೆ. ಸಣ್ಣ ಕಾರಿನ 12 ಮಿಲಿಮೀಟರ್ ದಪ್ಪದ ಬೋಲ್ಟಿಗೆ ಸುಮಾರು 100 ನ್ಯೂಟನ್ ಮೀಟರ್, ಎಂದರೆ 25 ಸೆಂಟಿಮೀಟರ್ ಉದ್ದದ ಸ್ಪ್ಯಾನರಿನ ತುದಿಗೆ 40 ಕಿಲೋಗ್ರಾಮಿನಷ್ಟು ಭಾರ ಕೊಟ್ಟರೆ, ಅದು ಅದುಮುವ ಬಲ ಹೆಚ್ಚುಕಡಮೆ ನಾಲ್ಕು ಟನ್ನಿಗೆ ಸಮ. ಅದೂ ನಮ್ಮ ಶ್ರಮದಲ್ಲಿ ಹತ್ತನೆಯ ಒಂದು ಪಾಲು ಮಾತ್ರ ಬೋಲ್ಟನ್ನು ಹಿಗ್ಗಿಸಲು ವಿನಿಯೋಗವಾಗಿ, ಉಳಿದುದೆಲ್ಲ ಬೋಲ್ಟಿನ ತಿರುಪಿನ ಮರೆಗಳ ಮತ್ತು ನಟ್ಟಿನ ಬುಡದ ಘರ್ಷಣೆಯಲ್ಲಿ ವ್ಯಯವಾದ ಮೇಲೆ! ಆದ್ದರಿಂದಲೇ ಮರೆಗಳಿಗೆ ಎಣ್ಣೆ ಸವರಬಾರದು: ಘರ್ಷಣೆ ತಗ್ಗಿದೊಡನೆ ಅದೇ ಶ್ರಮವು ಬೋಲ್ಟನ್ನು ಮಿತಿಮೀರಿ ಎಳೆಯುತ್ತದೆ. ಸ್ಪ್ಯಾನರಿನ ಮೇಲೆ ಕಾಲಿಟ್ಟು ತುಳಿಯುವ ರೂಢಿಯೂ ಇದೇ ಕಾರಣದಿಂದ ತಪ್ಪು.

ನಟ್ಟಿನ ಶಂಕುವಿನಾಕಾರದ ಮೂತಿಯು ರಂಧ್ರದ ಇಳಿಜಾರಿನೊಳಗೆ ಇಳಿದು ಚಕ್ರವನ್ನು ನಡುಮಧ್ಯಕ್ಕೆ ತರುವುದರಿಂದ, ಎಲ್ಲವನ್ನೂ ಮೊದಲು ಕೈಯಿಂದಲೇ ತಿರುಗಿಸಿ, ತರುವಾಯ ಒಂದಾದ ಮೇಲೆ ಅದರ ಎದುರಿನದನ್ನು ಬಿಗಿಯತಕ್ಕದ್ದು. ಪಕ್ಕಪಕ್ಕದವನ್ನು ಬಿಗಿದರೆ ಚಕ್ರವು ಒಂದು ಕಡೆಗೆ ವಾಲಿ ಕೂರುತ್ತದೆ. ಕಡೆಯ ಬಿಗಿತವನ್ನು ಕಾರನ್ನು ನೆಲಕ್ಕಿಳಿಸಿದ ಮೇಲೆ ಕೊಡಬೇಕು. ಎರಡು ಮುಖಗಳ ನಡುವೆ ಉಳಿದ ತುಕ್ಕು, ಬಣ್ಣ, ಮಣ್ಣಿನ ಕಣಗಳು ಓಟದಲ್ಲಿ ಪುಡಿಯಾಗಿ ಕೂದಲೆಳೆಯಷ್ಟು ತೆರವು ಬಿದ್ದರೂ ಹಿಗ್ಗಿದ ಬೋಲ್ಟು ಅಷ್ಟರಮಟ್ಟಿಗೆ ಸಡಿಲಗೊಳ್ಳುವುದರಿಂದ, 50ರಿಂದ 100 ಕಿಲೋಮೀಟರ್ ಓಡಿಸಿದ ತರುವಾಯ ನಾಲ್ಕು ನಟ್ಟುಗಳಿಗೂ ಮತ್ತೊಮ್ಮೆ ಸ್ಪ್ಯಾನರ್ ಹಾಕಿ ನೋಡತಕ್ಕದ್ದು.