ಆಫರ್‌ನಲ್ಲಿ ಗೇರ್ ಸೈಕಲ್ ತಗೊಳ್ಳೋ ಮುಂಚೆ

ದಸರಾ, ದೀಪಾವಳಿ ಹತ್ತಿರ ಬಂತು ಅಂದ್ರೆ ನಮ್ಮ ಕ್ಲಾಸಿನ ವಾಟ್ಸಾಪ್ ಗ್ರೂಪುಗಳಲ್ಲಿ ಸೈಕಲ್ ಲಿಂಕುಗಳು ಓಡಾಡೋಕೆ ಶುರುವಾಗುತ್ತವೆ. ದಪ್ಪ ಟಯರು, ಮುಂದೆ ಸಸ್ಪೆನ್ಷನ್, ಎರಡೂ ಚಕ್ರಕ್ಕೆ ಡಿಸ್ಕ್ ಬ್ರೇಕು, 21 ಗೇರು. 22,000 ಅಂತ ಬರೆದು ಗೀಟು ಹೊಡೆದು ಪಕ್ಕದಲ್ಲೇ 9,499. "ತಗೋಬಹುದಾ?" ಅನ್ನೋ ಪ್ರಶ್ನೆ ಕೊನೆಗೆ ಮೆಕ್ಯಾನಿಕಲ್‌ನವರಾದ ನಮ್ಮ ತಲೆಗೇ ಬರುತ್ತೆ. ಒಬ್ಬೊಬ್ಬರಿಗೂ ಬೇರೆಬೇರೆ ಹೇಳೋ ಬದಲು ಇಲ್ಲಿ ಬರೆದುಬಿಡ್ತೀವಿ. ಬಜೆಟ್ 10ರಿಂದ 15 ಸಾವಿರ ಅಂತ ಇಟ್ಕೊಂಡಿದ್ದೀವಿ. ಕೇಳೋಕೆ ಸಣ್ಣ ಮೊತ್ತ ಅನ್ನಿಸಬಹುದು. ಡೈರಿಗೆ ಹಾಲು ಹಾಕಿ ಕೂಡಿಟ್ಟ ದುಡ್ಡಾದರೆ ಸಣ್ಣದಲ್ಲ, ಒಂದು ಸಲ ಕೊಟ್ಟಮೇಲೆ ಮತ್ತೊಂದು ಸೈಕಲ್ಲಿಗೆ ಮನೆಯಲ್ಲಿ ಕೇಳೋ ಹಾಗಿಲ್ಲ.

ಮೊದಲು ನಾವು ಎಲ್ಲಿ ಓಡಿಸ್ತೀವಿ ಅನ್ನೋದನ್ನ ನೋಡೋಣ. ಜಾಹೀರಾತಿನ ಹುಡುಗ ಬೆಟ್ಟದ ತುದಿಯಲ್ಲಿ ಗಾಳಿಯಲ್ಲಿ ಹಾರುತ್ತಿರುತ್ತಾನೆ. ನಮ್ಮ ಜಿಲ್ಲೆಯಲ್ಲಿ ಬೆಟ್ಟಕ್ಕೇನೂ ಬರವಿಲ್ಲ. ಆದರೆ 1,454 ಮೀಟರ್ ಎತ್ತರದ ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕೆ ಖಾಸಗಿ ವಾಹನ ಬಿಡೋದಿಲ್ಲ, ಬುಡದಿಂದ ಸಾರಿಗೆ ಬಸ್ಸಲ್ಲೇ ಹತ್ತಬೇಕು. ಬಂಡೀಪುರ 1973ರಿಂದ ಹುಲಿ ಯೋಜನೆಯ ಕಾಡು, ಬಿಳಿಗಿರಿರಂಗನ ಬೆಟ್ಟ 2011ರಿಂದ ಹುಲಿ ಸಂರಕ್ಷಿತ ಪ್ರದೇಶ. ಅಲ್ಲಿನ ಕಾಡುದಾರಿಗೆ ಸೈಕಲ್ ಇಳಿಸೋ ಮಾತೇ ಇಲ್ಲ. ಅಂದರೆ ನಮ್ಮ 'ಮೌಂಟೇನ್' ಬೈಕು ಮೌಂಟೇನ್ ನೋಡೋದೇ ಅಪರೂಪ. ಅದು ಓಡೋದು ಹಳ್ಳಿಯಿಂದ ಬಸ್ ಸ್ಟಾಪಿನವರೆಗಿನ ಮೂರು ನಾಲ್ಕು ಕಿಲೋಮೀಟರ್ ಗುಂಡಿ ರಸ್ತೆಯಲ್ಲಿ, ಚೆಂಡುಹೂವಿನ ಹೊಲದ ಪಕ್ಕದ ಮಣ್ಣುದಾರಿಯಲ್ಲಿ, ಭಾನುವಾರ ಹುಮ್ಮಸ್ಸು ಬಂದರೆ ತೆರಕಣಾಂಬಿ ಮೇಲೆ ಗುಂಡ್ಲುಪೇಟೆಗೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದಮೇಲೆ ಹುಡುಗಿಯರಿಗೆ ಬಸ್ಸಿನ ಚಾರ್ಜಿಲ್ಲ, ಸರಿ. ಆ ಬಸ್ ನಿಲ್ಲೋ ಜಾಗಕ್ಕೆ ಬೆಳಿಗ್ಗೆ ಹೊತ್ತಿಗೆ ಸರಿಯಾಗಿ ಮುಟ್ಟೋದು ಹೇಗೆ ಅನ್ನೋದು ಹಾಗೇ ಉಳಿದಿದೆ. ಸೈಕಲ್ ಬೇಕಿರೋದು ಅದಕ್ಕೆ.

ಈ ರಸ್ತೆಗಳಿಗೆ ಸಸ್ಪೆನ್ಷನ್ ಬೇಕಾ? ನಮ್ಮ ಉತ್ತರ: ಈ ಬೆಲೆಗೆ ಬೇಡ. ವೈಬ್ರೇಷನ್ಸ್ ಪಾಠ ಆದವರಿಗೆ ಗೊತ್ತು, ಸ್ಪ್ರಿಂಗ್ ಒಂದೇ ಇದ್ದರೆ ಸಾಲದು, ಅದರ ಕುಣಿತ ನಿಲ್ಲಿಸೋಕೆ ಡ್ಯಾಂಪರ್ ಬೇಕು. 10 ಸಾವಿರದ ಸೈಕಲ್ಲಿನ ಫೋರ್ಕಿನೊಳಗೆ ಸಾಮಾನ್ಯವಾಗಿ ಇರೋದು ಸ್ಪ್ರಿಂಗ್ ಅಷ್ಟೇ. ಏರಿನಲ್ಲಿ ಎದ್ದು ನಿಂತು ತುಳಿದರೆ ನಿಮ್ಮ ಶಕ್ತಿಯಲ್ಲಿ ಒಂದು ಪಾಲು ಅದನ್ನ ಕುಣಿಸೋಕೇ ಹೋಗುತ್ತೆ. ಮೇಲಾಗಿ ಗಟ್ಟಿ ಫೋರ್ಕಿಗಿಂತ ಅದು ಒಂದು ಕಿಲೋಗೂ ಹೆಚ್ಚು ಭಾರ, ಎರಡು ಮಳೆಗಾಲ ಕಳೆದರೆ ತುಕ್ಕು ಹಿಡಿದು ಬಿಗಿಯಾಗುತ್ತೆ. ಹಳೇ ಸೈಕಲ್ ಶಾಪಿನವರನ್ನ ಕೇಳಿ ನೋಡಿ, "ಅದು ಸೋಕಿಗೆ ಕನಪ್ಪ" ಅಂತಾರೆ. ಗುಂಡಿಯ ಏಟು ತಡೆಯೋಕೆ ಎರಡಿಂಚಿನ ಟಯರು ಸಾಕು. ಗಾಳಿಯನ್ನ ಟಯರಿನ ಪಕ್ಕದಲ್ಲಿ ಬರೆದಿರೋ ಮಿತಿಯೊಳಗೆ ಸ್ವಲ್ಪ ಕಮ್ಮಿ ಇಟ್ಟರೆ ಅದೇ ಶಾಕ್ ಅಬ್ಸಾರ್ಬರ್. ಬರೀ ಸ್ಪ್ರಿಂಗಿನ ಮೇಲೆ ಹಾಕೋ ದುಡ್ಡನ್ನ ಒಳ್ಳೇ ರಿಮ್ಮಿಗೆ, ಬ್ರೇಕಿಗೆ ಹಾಕಿದ ಕಂಪನಿಯ ಸೈಕಲ್ ಹುಡುಕಿ. ಫೋಟೋದಲ್ಲಿ ಅದು ಸಪ್ಪೆ ಕಾಣುತ್ತೆ, ಕಾಣಲಿ.

ಗೇರಿನದು ಇನ್ನೊಂದು ಕಥೆ. 21 ಅನ್ನೋದು ಮುಂದಿನ 3 ಹಲ್ಲಿನ ಚಕ್ರ, ಹಿಂದಿನ 7, ಗುಣಿಸಿದರೆ 21. ಆದರೆ ಮುಂದೆ 24 ಹಲ್ಲು, ಹಿಂದೆ 16 ಇದ್ದರೆ ಬರೋ ಅನುಪಾತ 1.5. ಮುಂದೆ 42, ಹಿಂದೆ 28 ಇದ್ದರೂ 1.5! ಮುಂದೆ 34, ಹಿಂದೆ 22 ಹಾಕಿದರೆ 1.55. ಮೂರು ಗೇರು ಹೆಚ್ಚುಕಮ್ಮಿ ಒಂದೇ ಕೆಲಸ ಮಾಡ್ತಿವೆ. 26 ಇಂಚಿನ ಚಕ್ರ ಒಂದು ಸುತ್ತಿಗೆ ಸುಮಾರು 2.07 ಮೀಟರ್ ಹೋಗುತ್ತೆ. 24ಕ್ಕೆ 28 ಹಾಕಿದ ಅತಿ ಹಗುರ ಗೇರಿನಲ್ಲಿ ಪೆಡಲ್ ಒಂದು ಸುತ್ತು ತುಳಿದರೆ 1.8 ಮೀಟರ್, 42ಕ್ಕೆ 14ರ ಅತಿ ಬಿಗಿಯಲ್ಲಿ 6.2 ಮೀಟರ್. ಮುಂದೆ 36 ಹಲ್ಲಿನದು ಒಂದೇ ಇಟ್ಟು ಹಿಂದೆ 14ರಿಂದ 34ರವರೆಗಿನ ಏಳು ಚಕ್ರ ಹಾಕಿದರೆ 2.2ರಿಂದ 5.3 ಮೀಟರ್ ಸಿಗುತ್ತೆ. ನಮ್ಮ ಊರುಗಳಿಗೆ ಧಾರಾಳವಾಯ್ತು. ಜೊತೆಗೆ ಮುಂದಿನ ಗೇರ್ ಬದಲಾಯಿಸೋ ಡಿರೈಲರ್, ಒಂದು ಕೇಬಲ್, ಒಂದು ಲಿವರ್ ಮೂರೂ ಇಲ್ಲ. ಇಲ್ಲದ ಸಾಮಾನು ಕೆಡೋದಿಲ್ಲ.

ಹಾಗಂತ ಗೇರೇ ಬೇಡ ಅಂತಲ್ಲ. 2006–07ರಲ್ಲಿ ಸರ್ಕಾರ ಎಂಟನೇ ಕ್ಲಾಸಿನವರಿಗೆ ಕೊಡೋಕೆ ಶುರುಮಾಡಿದ ಸೈಕಲ್ಲಿಗೆ ಗೇರಿರಲಿಲ್ಲ, ಅದರಲ್ಲೇ ಎಷ್ಟೋ ಜನ ಹೈಸ್ಕೂಲು ಮುಗಿಸಿದ್ದಾರೆ. ಆದರೆ ಗುಂಡ್ಲುಪೇಟೆ ಚಾಮರಾಜನಗರಕ್ಕಿಂತ ನೂರು ಮೀಟರಿಗೂ ಹೆಚ್ಚು ಎತ್ತರದಲ್ಲಿದೆ, ರಸ್ತೆ ಪಶ್ಚಿಮಕ್ಕೆ. ಜೂನ್, ಜುಲೈನಲ್ಲಿ ಮುಂಗಾರು ಗಾಳಿ ಎದುರಿಗೇ ಹೊಡೆಯುತ್ತೆ. ಆಗ ಬೇಕಾಗೋದು ಹಗುರ ಗೇರು.

ಬ್ರೇಕಿನ ಬಗ್ಗೆ ನಮ್ಮೊಳಗೇ ಜಗಳ ಇದೆ. ಕೆಸರು ಹೆಚ್ಚಿರೋ ಕಡೆ ಡಿಸ್ಕ್ ಒಳ್ಳೇದು, ನಿಜ. ಆದರೆ ಅಗ್ಗದ ಡಿಸ್ಕು ಕೂಡಲೇ ಉಜ್ಜೋಕೆ ಶುರುಮಾಡುತ್ತೆ, ಅದರ ಪ್ಯಾಡ್ ಹಳ್ಳಿ ಅಂಗಡಿಯಲ್ಲಿ ಸಿಗಲ್ಲ. ರಿಮ್ ಹಿಡಿಯೋ ವಿ-ಬ್ರೇಕಿನ ಕಟ್ಟೆ ಸಿಗೋದು ಸುಲಭ, ಹಾಕೋಕೆ ಐದು ನಿಮಿಷ. ಯಾವುದೇ ಇರಲಿ, ಲಿವರನ್ನ ಪೂರ್ತಿ ಒತ್ತಿದಾಗ ಅದು ಹ್ಯಾಂಡಲ್ಲಿಗೆ ತಾಗಬಾರದು. ತಾಗಿದರೆ ಇಳಿಜಾರಿನಲ್ಲಿ ನಿಮ್ಮನ್ನ ನಿಲ್ಲಿಸೋದು ಎದುರಿಗೆ ಬರೋ ಲಾರಿ.

ಈಗ ರಿಯಾಯಿತಿ. 57% ಆಫ್ ಅನ್ನೋದು ಎಂಆರ್‌ಪಿ ಮೇಲಿನ ಲೆಕ್ಕ, ಆ ಎಂಆರ್‌ಪಿಯನ್ನ ಹಾಕೋದು ಮಾರೋರ ಕಡೆಯವರೇ. ಅದನ್ನ ಮರೆತು, ಅದೇ ಮಾಡೆಲ್ ಮೈಸೂರಿನ ಅಂಗಡಿಯಲ್ಲಿ ಜೋಡಿಸಿ ಕೈಗೆ ಕೊಡೋಕೆ ಎಷ್ಟು ಅಂತ ಕೇಳಿ. ಆ ವ್ಯತ್ಯಾಸವೇ ನಿಜವಾದ ರಿಯಾಯಿತಿ. 2025ರ ಸೆಪ್ಟೆಂಬರ್ 22ರಿಂದ ಸೈಕಲ್ ಮೇಲಿನ ಜಿಎಸ್‌ಟಿ 12%ನಿಂದ 5%ಗೆ ಇಳಿದಿದೆ. ತೆರಿಗೆ ಬಿಟ್ಟು 10,000 ಇರೋ ಸೈಕಲ್ಲಿಗೆ 700 ರೂಪಾಯಿ ಅಲ್ಲೇ ಕಮ್ಮಿ. ಹಳೇ ಎಂಆರ್‌ಪಿ ಸ್ಟಿಕ್ಕರ್ ತೋರಿಸಿ ಈ 700ನ್ನೂ 'ಹಬ್ಬದ ಆಫರ್' ಅಂದ್ರೆ ನಂಬಬೇಡಿ.

ನಿಜವಾಗಿ ಲಾಭ ಇರೋದು ಹೋದ ವರ್ಷದ ಬಣ್ಣದ ಸೈಕಲ್ಲಿನಲ್ಲಿ. ಸ್ಟಿಕ್ಕರ್ ಬದಲಾಗಿರುತ್ತೆ, ಸೈಕಲ್ ಅದೇ. ಆದರೆ ಅಲ್ಲೊಂದು ಬಲೆ ಇದೆ: ಎಲ್ಲರೂ ಕೊಂಡಮೇಲೆ ಉಳಿಯೋದು ತೀರಾ ಚಿಕ್ಕ, ತೀರಾ ದೊಡ್ಡ ಸೈಜು. 26, 27.5, 29 ಅನ್ನೋದು ಚಕ್ರದ ಅಳತೆ. ನಿಮ್ಮ ಮೈಗೆ ಹೊಂದಬೇಕಾದದ್ದು ಫ್ರೇಮಿನ ಅಳತೆ, 16, 18 ಇಂಚು ಅಂತ ಬೇರೆ ಇರುತ್ತೆ. ಸೈಕಲ್ ಮೇಲಿನ ಕಂಬಿಯ ಎರಡೂ ಕಡೆ ಕಾಲಿಟ್ಟು ನಿಲ್ಲಿ. ಪಾದ ಪೂರ್ತಿ ನೆಲಕ್ಕೂರಿದಾಗ ಕಂಬಿಗೂ ನಿಮಗೂ ನಡುವೆ ಎರಡು ಮೂರು ಇಂಚು ಜಾಗ ಇರಬೇಕು. ಇಲ್ಲದಿದ್ದರೆ ಅರ್ಧ ಬೆಲೆಗೆ ಕೊಟ್ಟರೂ ಬೇಡ. ಸೀಟು ಇಳಿಸಿದರೆ ಈ ಕಂಬಿ ಇಳಿಯೋದಿಲ್ಲ.

ದುಡ್ಡನ್ನೆಲ್ಲ ಸೈಕಲ್ಲಿಗೇ ಸುರಿಯಬೇಡಿ. ಹೆಲ್ಮೆಟ್, ಬೀಗ, ಪಂಪು, ಹಿಂದಿನ ಕೆಂಪು ಲೈಟು, ಒಂದು ಎಕ್ಸ್‌ಟ್ರಾ ಟ್ಯೂಬು, ಇವಕ್ಕೆ ಎರಡು ಸಾವಿರವನ್ನಾದರೂ ಪಕ್ಕಕ್ಕಿಡಿ. ನಮ್ಮ ಕಡೆ ನೆಗ್ಗಿಲ ಮುಳ್ಳು, ಜಾಲಿ ಮುಳ್ಳು ಹೊಸ ಟಯರು ಅಂತ ಮುಖ ನೋಡೋದಿಲ್ಲ. ಟ್ಯೂಬಿನ ಮೂತಿ ಮೋಟರ್ ಬೈಕಿನದರ ಥರ ಇದ್ದರೆ ಪೆಟ್ರೋಲ್ ಬಂಕಲ್ಲೂ ಗಾಳಿ ಹಿಡಿಸಬಹುದು.

ಆನ್‌ಲೈನ್ ಸೈಕಲ್ ಡಬ್ಬದಲ್ಲಿ ಅರೆಬರೆ ಜೋಡಿಸಿ ಬರುತ್ತೆ. ಹ್ಯಾಂಡಲ್, ಮುಂದಿನ ಚಕ್ರ, ಪೆಡಲ್ ನೀವೇ ಹಾಕಬೇಕು. ಎಡಗಡೆ ಪೆಡಲಿನ ಥ್ರೆಡ್ ಉಲ್ಟಾ ಇರುತ್ತೆ, ಬಲವಂತ ಮಾಡಿದರೆ ಕ್ರ್ಯಾಂಕ್ ಹಾಳು. ಮುಂದಿನ ಫೋರ್ಕ್ ಹಿಂದುಮುಂದು ಕೂತಿರೋ ಸೈಕಲ್ಲುಗಳನ್ನ ನಾವು ಒಂದಲ್ಲ, ಎರಡಲ್ಲ ನೋಡಿದ್ದೀವಿ. ಫೋರ್ಕಿನ ತುದಿ ಮುಂದಕ್ಕೆ ಬಾಗಿರಬೇಕು, ರಿಮ್ ಬ್ರೇಕು ಫೋರ್ಕಿನ ಮುಂಭಾಗಕ್ಕಿರಬೇಕು. 200, 300 ರೂಪಾಯಿ ಹೋದರೂ ಪರವಾಗಿಲ್ಲ, ಪೇಟೆಯ ಸೈಕಲ್ ಶಾಪಿನಲ್ಲಿ ಜೋಡಿಸಿಕೊಳ್ಳಿ. ನೂರು ಕಿಲೋಮೀಟರ್ ಓಡಿದ ಮೇಲೆ ಕಡ್ಡಿ, ಕೇಬಲ್ ಸಡಿಲವಾಗೋದು ಸಹಜ, ಆಗ ಬಿಗಿ ಮಾಡಿಸೋಕೆ ಮತ್ತೆ ಅಲ್ಲಿಗೇ ಹೋಗಬೇಕು.